ಎರಡೇ ಸೀಟಿನ ಗಾಡಿ

"ಮಗ್ಗದ ಮನೇಲಿ ಡಿಗ್ರೀನಾ? ಆಗೋ ಮಾತಲ್ಲ ಬಿಡಮ್ಮ" ಎಂದವರು ನಮ್ಮ ದೊಡ್ಡಪ್ಪ. ನನ್ನನ್ನು ಕಾಲೇಜಿಗೆ ಸೇರಿಸಿದ ದಿನ ಅಮ್ಮನ ಮುಖಕ್ಕೇ ಹೇಳಿದ್ದರು. ಅಪ್ಪ ಆಗಲೇ ತೀರಿಕೊಂಡಿದ್ದರು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪವರ್‌ಲೂಮ್ ಓಡಿಸುತ್ತಿದ್ದವಳು ಅಮ್ಮನೇ.

ಇವತ್ತು ಆ ಮಾತು ನೆನಪಾದದ್ದು ಒಂದು ಕಾರಿನಿಂದ. ಓದುತ್ತಲೇ ನಾನು ದುಡಿದ ಗ್ಯಾರೇಜಿನ ಯಜಮಾನರು ವಿದೇಶದಿಂದ ತರಿಸಿದ್ದ ಕೆಂಪು ಹೈಬ್ರಿಡ್, ಹಳೇ ಬ್ಯಾಟರಿ ಬದಲಿಸಲು ಬಂದು ನಿಂತಿದೆ. ನೀವು ನೋಡಿದರೆ ಆಟಿಕೆ ಎನ್ನುತ್ತೀರಿ: ನೆಲಕ್ಕೆ ಅಂಟಿದಷ್ಟು ತಗ್ಗು, ಎರಡೇ ಸೀಟು, ಆರು ಗೇರು. ಪೆಟ್ರೋಲ್ ಎಂಜಿನ್ನಿಗೆ ಜೊತೆಯಾಗಿ ಒಂದು ಮೋಟಾರು. ಬ್ರೇಕ್ ಒತ್ತಿದಾಗ ಬ್ಯಾಟರಿ ತುಂಬಿಕೊಳ್ಳುತ್ತದೆ. ವೇಗ ಬೇಕೆಂದಾಗ ಅದೇ ಶಕ್ತಿ ಹಿಂದಿನಿಂದ ತಳ್ಳುತ್ತದೆ.

ನನ್ನ ಘಟಿಕೋತ್ಸವದ ದಿನ ಯಜಮಾನರು ಇದರದೇ ಕೀ ಕೈಗಿಟ್ಟು, "ಇವತ್ತೂ ಬಸ್ಸಲ್ಲೇ ಹೋಗ್ತೀಯಾ ಗುರು? ತಗೋ" ಎಂದರು. ಮೆರೆಯುತ್ತ ಮನೆಮುಂದೆ ತಂದು ನಿಲ್ಲಿಸಿದೆ. ಅಮ್ಮ ತಾನೇ ನೇಯ್ದ ಸೀರೆಯುಟ್ಟು ಹೊರಬಂದಳು. ಕಾರು ನೋಡಲು ದೊಡ್ಡಪ್ಪನೂ ಬಂದರು.

ಅಮ್ಮ ಒಳಗೆ ಇಣುಕಿದಳು. "ಹಿಂದೆ ಸೀಟಿಲ್ವೇನೋ?"

"ಅಲ್ಲಿ ಬ್ಯಾಟರಿ ಇದೆ ಕಣಮ್ಮ. ನೀನು ಮುಂದೆ ಕೂತ್ಕೋ."

ಅವಳು ದೊಡ್ಡಪ್ಪನತ್ತ ತಿರುಗಿದಳು. "ಭಾವ, ನೀವ್ ಹತ್ತಿ. ಆಗಲ್ಲ ಅಂದೋರೇ ಕಣ್ಣಾರೆ ನೋಡ್ಕೊಂಡ್ ಬನ್ನಿ."

ಎಷ್ಟು ಬೇಡಿದರೂ ಕೇಳಲಿಲ್ಲ. ಅವಳ ಛಲ ಅಂಥದು. ಬಸ್ಸಿನಲ್ಲಾದರೆ ಮೂವರಿಗೂ ಜಾಗವಿತ್ತು. ಆದರೆ ಕೀ ನನ್ನ ಕೈಯಲ್ಲಿತ್ತಲ್ಲ!

ದಾರಿಯಲ್ಲಿ ರೈಲ್ವೇ ಗೇಟು ಹಾಕಿತ್ತು. ಕಾರು ನಿಲ್ಲಿಸಿದೊಡನೆ ಎಂಜಿನ್ ತಾನಾಗಿ ಆಫ್ ಆಯಿತು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಕಳೆದ ದೊಡ್ಡಪ್ಪ ಬೆಚ್ಚಿದರು: "ಲೇ, ಕರೆಂಟ್ ಹೋಯ್ತೇನೋ?" ಗೇಟು ತೆಗೆದಾಗ ಕ್ಲಚ್ ಒತ್ತಿದೆ, ಎಂಜಿನ್ ಎದ್ದಿತು. ಸ್ಪೋರ್ಟ್ ಬಟನ್ ಅದುಮಿದೆ. ಡಯಲ್ ಕೆಂಪಾಗಿ, ನಮ್ಮಿಬ್ಬರ ಬೆನ್ನೂ ಸೀಟಿಗೆ ಅಂಟಿತು.

"ಮೆತ್ತಗೆ ಕಣೋ! ನಾನ್ ಹೋಗ್ಬಿಟ್ರೆ ನಿಮ್ಮಮ್ಮಂಗೆ ಸಾಕ್ಷಿ ಯಾರೋ?"

ಇವತ್ತು ಬ್ಯಾಟರಿ ಬಿಚ್ಚಿ ಕೆಳಗಿಟ್ಟೆ. ಸೀಟುಗಳ ಹಿಂದೆ ಖಾಲಿ ಗುಂಡಿ. ಅಮ್ಮ ಕಾಲು ಮಡಚಿ ಕೂರುವಷ್ಟು. ಆ ದಿನದ ನಂತರ ಇದೇ ಕಾರಿನಲ್ಲಿ ಅವಳನ್ನು ದೇವನಹಳ್ಳಿವರೆಗೂ ಸುತ್ತಿಸಿದ್ದೇನೆ. ಆ ಘಟಿಕೋತ್ಸವಕ್ಕೆ ಮಾತ್ರ ಯಾವ ಗಾಡಿಯೂ ಈಗ ಹೋಗುವುದಿಲ್ಲ.

ಅವತ್ತು ವಾಪಸ್ಸು ಬರುವಾಗ ದೊಡ್ಡಪ್ಪ ಪ್ರಮಾಣಪತ್ರವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದರು. ಮನೆಮುಂದೆ ಇಳಿದು, ಎರಡೂ ಕೈಯಿಂದ ಅಮ್ಮನಿಗೆ ಕೊಟ್ಟರು.

"ತಗೋಮ್ಮ. ಇವ್ನ್ ಹೆಸ್ರು ಕೂಗ್ದಾಗ ಪಕ್ಕಕ್ ತಿರುಗ್ದೆ, ನಿಂಗೆ ತೋರ್ಸೋಣ ಅಂತ. ನೀನಿರ್ಲಿಲ್ಲ. ನಿನ್ ಜಾಗ್ದಲ್ಲಿ ನಾನೇ ಕೂತಿದ್ದೆ."