ಮನೆಯ ಹೆಸರು, ಶಾಲೆಯ ಹೆಸರು

ಮಾನ್ವಿಯ ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿದ ದಿನ ಮನೆಯೆಲ್ಲ ಘಾಟು. ಮಕ್ಕಳು ಮೂಗು ಮುಚ್ಚಿಕೊಂಡು ಹೊರಗೆ ಓಡುತ್ತಾರೆ. ನಾನು ಮಾತ್ರ ಮೆಟ್ಟಿಲ ಮೇಲೆ ಸುಮ್ಮನೆ ಕೂತುಬಿಡುತ್ತೇನೆ. ಅದು ಕ್ಲೋರಿನ್ನಿನ ವಾಸನೆ. ಕ್ಲೋರಿನ್ ಅಂದರೆ ತಿಳಿ ಹಸಿರು. ಆ ಅನಿಲದ ಬಣ್ಣ ನೋಡಿ ಯಾರೋ ಗ್ರೀಕ್ ಮಾತಿನಿಂದ ಇಟ್ಟ ಹೆಸರು. ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯ ಒಂದು ಮನೆಯಲ್ಲಿ ಶಾಲೆಯ ಮುಖವನ್ನೇ ಕಾಣದ ಮುದುಕಿಯೊಬ್ಬರು ಹಟ ಹಿಡಿದು ನನ್ನಿಂದಲೇ ಹುಡುಕಿಸಿದರು. ನಿಮಗೂ ಅಂಥದೊಂದು ಮನೆ ಇದ್ದೀತು. ಗೋಡೆ ನಿಂತಿರುತ್ತದೆ, ಬಾಗಿಲು ಅದೇ ಇರುತ್ತದೆ, ಆದರೆ ಬಡಿದರೆ ತೆರೆಯಲು ನಮ್ಮವರು ಯಾರೂ ಇರುವುದಿಲ್ಲ.

ನಾನು ಕುರ್ಡಿಯ ಕುರುಬರ ಮನೆಯ ಹುಡುಗಿ. ನಮ್ಮಪ್ಪನ ಕುರಿಗಳನ್ನು ಕೊಳ್ಳುತ್ತಿದ್ದ ವ್ಯಾಪಾರಿ ರಾಯಚೂರಿನವರು. ಅವರನ್ನು ನಾನು ಚಾಚಾ ಅನ್ನುತ್ತಿದ್ದೆ. ಊರಿನ ಕನ್ನಡ ಶಾಲೆ ಮುಗಿದ ಮೇಲೆ ಅಪ್ಪ ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಬೇಕೆಂದಾಗ, ಚಾಚಾ ಬೇರೆ ಮಾತಿಲ್ಲದೆ "ನಮ್ಮ ಮನ್ಯಾಗ ಇರಲಿ ಬಿಡ್ರಿ, ನಮ್ಮ ಶಮೀಮಗೂ ಜೋಡಿ ಆಕ್ಕಾಳ" ಎಂದಿದ್ದರು. ಶಮೀಮ್ ಅವರ ಒಬ್ಬಳೇ ಮಗಳು. ಅವಳ ತಾಯಿ ತೀರಿ ಬಹಳ ವರ್ಷವಾಗಿತ್ತು. ಸಾಕಿದವರು ಚಾಚಾನ ತಾಯಿ, ನಾವೆಲ್ಲ ದಾದಿಮಾ ಅನ್ನುತ್ತಿದ್ದವರು. ತಮ್ಮೊಳಗೆ ದಖನಿಯಲ್ಲಿ ಮಾತಾಡುತ್ತಿದ್ದ ಅವರು ನಾನಿದ್ದರೆ ಕನ್ನಡಕ್ಕೆ ತಿರುಗುತ್ತಿದ್ದರು. ಮೊದಲ ದಿನ ಟ್ರಂಕು ಇಳಿಸುವ ಮೊದಲೇ ದಾದಿಮಾ ಕೇಳಿದ್ದು, "ನಿನ್ನ ಹೆಸರಿನ ಮತ್ಲಬ್ ಏನವ್ವಾ?" ದ್ಯಾಮವ್ವ ಅಂದರೆ ಏನರ್ಥವೋ ನನಗೇನು ಗೊತ್ತು! "ನಮ್ಮ ಅಜ್ಜಿ ಹೆಸರ್ರಿ" ಎಂದೆ. "ಅಜ್ಜಿ ಹೆಸರಂದ್ರ ಮುಗೀತು. ಅದಕ್ಕಿಂತ ದೊಡ್ಡ ಮತ್ಲಬ್ ಎಲ್ಲದ? ಕೈಕಾಲು ತೊಳಕೊಂಡು ಉಣ್ಣಾಕ ಬಾ" ಎಂದು ಒಳಗೆ ಹೋದರು.

ಹೆಸರು ಅಂದರೆ ದಾದಿಮಾಗೆ ಆಟದ ಮಾತಲ್ಲ. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರು ಕೇಳಲು ಅವರ ಮಂಚದ ಹತ್ತಿರ ಬರುತ್ತಿದ್ದರು. ಹೊಸ ಚಂದದ ಹೆಸರು ಯಾರಾದರೂ ತಂದರೆ ಅರ್ಥ ಕೇಳುತ್ತಿದ್ದರು. ಅರ್ಥ ಹೇಳಲು ಬಾರದಿದ್ದರೆ ವಾಪಸು ಕಳಿಸುತ್ತಿದ್ದರು. ಒಮ್ಮೆ ಎದುರು ಮನೆಯ ಹಸುಗೂಸು ವಾರಗಟ್ಟಲೆ ಸರಿಯಾಗಿ ಹಾಲು ಕುಡಿಯದೆ ಒಂದೇ ಸಮನೆ ಅತ್ತಿತು. ಅದರ ತಾಯಿ ಗೋಳಾಡುತ್ತ ಬಂದಾಗ ದಾದಿಮಾ ಕೂಸನ್ನು ಮಡಿಲಿಗೆ ಹಾಕಿಕೊಂಡು, "ದವಾಖಾನಿಗೂ ತೋರಸು. ಆದ್ರ ಈ ಹೆಸರು ಇದಕ್ಕ ಭಾರ ಆಗೇದ, ಬದಲಿ ಮಾಡು" ಎಂದರು. ಔಷಧಿಯಿಂದಲೋ ಹೆಸರಿನಿಂದಲೋ, ಕೂಸು ಸುಧಾರಿಸಿತು. ಔಷಧಿಯ ಹೆಸರನ್ನು ಮಾತ್ರ ಗಲ್ಲಿಯಲ್ಲಿ ಯಾರೂ ಎತ್ತಲಿಲ್ಲ.

ಒಂಬತ್ತನೇ ತರಗತಿಯಲ್ಲಿ ನಮಗೆ ಮೂಲವಸ್ತುಗಳ ಪಾಠ ಬಂತು. ಶಮೀಮ್ ಉರ್ದು ಶಾಲೆಯಿಂದ ಬಂದವಳು, ನಾನು ಕನ್ನಡ ಶಾಲೆಯಿಂದ. ಅವಳಿಗೆ ಪಾರಾ, ಸೀಸಾ, ಜಸ್ತಾ, ಕಲಾಯಿ ಗೊತ್ತು. ನನಗೆ ಪಾದರಸ, ಸೀಸ, ಸತು, ತವರ ಗೊತ್ತು. ಮರ್ಕ್ಯುರಿ, ಲೆಡ್, ಜಿಂಕ್, ಟಿನ್ ಇಬ್ಬರಿಗೂ ಗೊತ್ತಿಲ್ಲ. ಇನ್ನು ಆರ್ಗಾನ್, ಕ್ರಿಪ್ಟಾನ್, ಝೀನಾನ್ ಅಂತೂ ಯಾವ ಲೋಕದವೋ. ಅಂಗಳದಲ್ಲಿ ಕೂತು ಗಿಳಿಗಳ ಹಾಗೆ ಬಾಯಿಪಾಠ ಮಾಡುತ್ತಿದ್ದೆವು, ಬೆಳಗಾದರೆ ಎಲ್ಲ ಖಾಲಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಹೇಗೋ ದಡ ಮುಟ್ಟಿದೆ, ಶಮೀಮ್ ವಿಜ್ಞಾನದಲ್ಲಿ ನಪಾಸಾದಳು. ಚಾಚಾನ ಸಿಟ್ಟು ನೆತ್ತಿಗೇರಿತು. "ವರ್ಷದ ಪರೀಕ್ಷೆದಾಗೂ ಹಿಂಗಾದ್ರ ಸಾಲಿ ಬಂದ್. ದೇವದುರ್ಗಕ್ಕ ಫುಪ್ಪಿ ಮನಿಗೆ ಹೋಗಿ ಹೊಲಿಗಿ ಕಲೀಲಿ" ಎಂದುಬಿಟ್ಟರು. ಫುಪ್ಪಿ ಅಂದರೆ ಅವರ ತಂಗಿ. ಅವರ ಮನೆಗೆ ಹೋದ ಹುಡುಗಿಯರು ಹೊಲಿಗೆ ಕಲಿತು, ನೇರ ಗಂಡನ ಮನೆಗೆ ಹೋಗುತ್ತಿದ್ದರು.

ಅವತ್ತು ಶಮೀಮ್ ಅಳುತ್ತ ಕೂತಾಗ ದಾದಿಮಾ ಪುಸ್ತಕ ತರಿಸಿ ಒಂದೊಂದೇ ಹೆಸರು ಓದಿಸಿದರು. "ಆರ್ಗಾನ್ ಅಂದ್ರ ಮತ್ಲಬ್?" ಗೊತ್ತಿಲ್ಲ. "ಝೀನಾನ್?" ಗೊತ್ತಿಲ್ಲ. "ಸರ್‌ನ ಕೇಳಿದ್ವಿ ದಾದಿಮಾ, ಅರ್ಥ ಗಿರ್ಥ ಏನಿಲ್ಲ, ಉರು ಹೊಡೀರಿ ಅಂದ್ರು" ಎಂದೆ. ದಾದಿಮಾ ಹಣೆ ಹಣೆ ಬಡಿದುಕೊಂಡರು. "ಅರ್ಥ ಇಲ್ಲದ ಹೆಸರು ಯಾರಾರ ಇಡ್ತಾರೇನು? ನಿಮಗ ಈ ಹೆಸರು ಭಾರ ಆಗ್ಯಾವ. ಅರ್ಥ ಹುಡಕ್ರಿ, ತಾನಾ ಹಗುರ ಆಕ್ಕಾವ." ಮಾರನೆಯ ದಿನದಿಂದ ನಾವು ಗ್ರಂಥಾಲಯದ ದಪ್ಪ ಇಂಗ್ಲಿಷ್ ನಿಘಂಟಿಗೆ ಜೋತುಬಿದ್ದೆವು. ಅಬ್ಬಾ, ಎಂಥ ಲೋಕ ಅದು! ಹೀಲಿಯಂ ಅಂದರೆ ಸೂರ್ಯ. ನಿಯಾನ್ ಹೊಸಬ. ಕ್ರಿಪ್ಟಾನ್ ಅಡಗಿದವ. ಝೀನಾನ್ ಪರದೇಶಿ. ಆರ್ಗಾನ್ ಅಂದರೆ ಸೋಮಾರಿ ಎಂದು ಕೇಳಿ ದಾದಿಮಾ ಹೊಟ್ಟೆ ಹಿಡಿದು ನಕ್ಕು, "ಇದು ನಮ್ಮ ಸಣ್ಣ ಅಳಿಯನ ಹೆಸರು!" ಎಂದರು. ಬ್ರೋಮಿನ್ ಅಂದರೆ ದುರ್ನಾತ ಎಂದಾಗ ಅವರಿಗೆ ನಿಜಕ್ಕೂ ನೋವಾಯಿತು. "ಛೀ, ಪಾಪ, ಹೆತ್ತಾಕಿ ಇಟ್ಟ ಹೆಸರಲ್ಲ ಬಿಡು ಅದು." ಪಾದರಸದ ಹಳೆಯ ಲ್ಯಾಟಿನ್ ಹೆಸರು ಹೈಡ್ರಾರ್ಜಿರಮ್, ಅಂದರೆ ನೀರಿನಂಥ ಬೆಳ್ಳಿ, ಅದಕ್ಕೇ ಅದರ ಸಂಕೇತ ಎಚ್‌ಜಿ ಎಂದಾಗ ತಲೆದೂಗಿದರು. ನಾನು ಜಲಜನಕ ಅಂದರೆ ನೀರು ಹುಟ್ಟಿಸುವುದು ಎಂದು ಬಿಡಿಸಿ ಹೇಳಿದೆ. ಹೈಡ್ರೋಜನ್ ಕೂಡ ಅದೇ ಮಾತು ಅನ್ನುವುದು ನಿಘಂಟಿನಲ್ಲಿ ಸಿಕ್ಕಾಗ ನಾವು ಮೂವರೂ ಏನೋ ಗೆದ್ದವರ ಹಾಗೆ ಕುಣಿದೆವು. ಆ ಚಳಿಗಾಲದಷ್ಟು ಸುಖವಾಗಿ ನಾನು ಮತ್ತೆಂದೂ ಓದಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಜಡ ಅನಿಲಗಳ ಹೆಸರು ಬರೆಯಿರಿ ಎಂದು ಕೇಳಿದ್ದರು. ಶಮೀಮ್ ಏನು ಬರೆದಳು ಗೊತ್ತೇ? ಸನ್, ನ್ಯೂ, ಲೇಜಿ, ಹಿಡನ್, ಸ್ಟ್ರೇಂಜರ್. ಸೂರ್ಯ, ಹೊಸಬ, ಸೋಮಾರಿ, ಅಡಗಿದವ, ಪರದೇಶಿ. ಕಾಗದದ ಉದ್ದಕ್ಕೂ ಹಾಗೆಯೇ. ಅರ್ಥಗಳು ಅವಳೊಳಗೆ ಅಷ್ಟು ಗಟ್ಟಿಯಾಗಿ ಕೂತು ಹೆಸರುಗಳನ್ನೇ ಹೊರಗೆ ದಬ್ಬಿದ್ದವು. ಮೇಷ್ಟ್ರು ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ನಗಿಸಿದರು. ಆ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಶಮೀಮ್ ಮತ್ತೆ ನಪಾಸು.

ಚಾಚಾ ಆಡಿದ ಮಾತಿನಿಂದ ಹಿಂದೆ ಸರಿಯಲಿಲ್ಲ. ದೇವದುರ್ಗದ ಬಸ್ಸಿಗೆ ಶಮೀಮಳ ಚೀಲ ಕಟ್ಟುವಾಗ ದಾದಿಮಾ ತಮ್ಮದೂ ಒಂದು ಗಂಟು ಕಟ್ಟಿದರು. "ನೀ ಎಲ್ಲಿಗೆ ಅಮ್ಮಾ?" ಎಂದರು ಚಾಚಾ. "ತಪ್ಪು ನಂದು. ಹಡದಾಕಿ ಒಂದು ಹೆಸರು ಕರೀತಾಳ, ಸಾಲ್ಯಾಗ ಇನ್ನೊಂದು ಬರಸ್ತಾರ. ಎರಡೂ ಬೇಕು. ನಾ ಇಕಿಗೆ ಮನಿ ಹೆಸರು ಕಲಿಸಿದೆ, ಸಾಲಿ ಹೆಸರು ಬಿಟ್ಟೆ. ಅದನ್ನ ಕಲಿಸಿಯೇ ನಾ ಕಣ್ಣು ಮುಚ್ಚಾಕಿ." ಚಾಚಾ ಬೇಡಿಕೊಂಡರು, ಗದರಿದರು. ದಾದಿಮಾ ಬುರ್ಖಾ ತೊಟ್ಟು ಮೊಮ್ಮಗಳ ಕೈ ಹಿಡಿದು ನಡೆದೇಬಿಟ್ಟರು. ಅಪ್ಪ ನನ್ನನ್ನು ಮಾನ್ವಿಯ ಶಾಲೆಗೆ ಬದಲಿಸಿದರು. ಖಾಲಿ ಮನೆಯಲ್ಲಿ ಚಾಚಾ ಒಬ್ಬರೇ ಉಳಿದರು.

ದೇವದುರ್ಗದಲ್ಲಿ ಹಗಲೆಲ್ಲ ಹೊಲಿಗೆ, ಸಂಜೆ ಪುಸ್ತಕ. ರಜೆಯಲ್ಲಿ ಹೋದಾಗ ನೋಡುತ್ತಿದ್ದೆ: ದಾದಿಮಾ ಮಂಚದ ಮೇಲೆ ಕೂತು "ಸೋಮಾರಿ?" ಅನ್ನುವುದು, ಮಷೀನು ತುಳಿಯುತ್ತಲೇ ಶಮೀಮ್ "ಆರ್ಗಾನ್" ಅನ್ನುವುದು. "ಪರದೇಶಿ?" "ಝೀನಾನ್." ತಪ್ಪಿದರೆ ಮತ್ತೆ ಮೊದಲಿನಿಂದ. ವಯಸ್ಸು ತುಂಬಿದ ಮೇಲೆ ಶಮೀಮ್ ಶಾಲೆಗೆ ಹೋಗದೆ ಖಾಸಗಿ ಅಭ್ಯರ್ಥಿಯಾಗಿ ಹತ್ತನೇ ಪರೀಕ್ಷೆಗೆ ಕೂತಳು. ಫಲಿತಾಂಶಕ್ಕೆ ಎರಡು ದಿನ ಇರುವಾಗ ದಾದಿಮಾ ಹೋಗಿಬಿಟ್ಟರು. ನಾನು ಅಪ್ಪನ ಜೊತೆ ದೇವದುರ್ಗಕ್ಕೆ ಹೋದಾಗ ಫುಪ್ಪಿಯ ಮನೆ ತುಂಬ ಹೆಂಗಸರು. ಶಮೀಮಳ ಕಣ್ಣಲ್ಲಿ ಒಂದು ಹನಿಯೂ ಇಲ್ಲ, ಕಲ್ಲಾಗಿ ಕೂತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಚಾಚಾ ಪೇಟೆಯಿಂದ ಒಂದು ಕಾಗದ ಹಿಡಿದು ಬಂದರು. ನಮ್ಮ ಯಾರ ಕಡೆಗೂ ನೋಡದೆ ಖಾಲಿ ಮಂಚದ ಮುಂದೆ ಹೋಗಿ ನಿಂತು, "ಅಮ್ಮಾ, ಪಾಸಾದಳು. ವಿಜ್ಞಾನದಾಗ ಎಲ್ಲಾದಕ್ಕಿಂತ ಹೆಚ್ಚು ಬಂದಾವ" ಎಂದರು. ಆಮೇಲೆ ಮಗಳ ಕಡೆ ತಿರುಗಿದರು. "ನಡಿ ಬೇಟಾ, ರಾಯಚೂರಿಗೆ. ಸೈನ್ಸ್ ಕಾಲೇಜಿಗೆ ಹಚ್ಚತೀನಿ. ಮನ್ಯಾಗ ನಿನ್ನ ಕ್ವಾಣಿ ಹಂಗಾ ಅದ."

ಶಮೀಮ್ ಎದ್ದು ನಿಂತಳು. "ಕಾಲೇಜಿಗೆ ಬರ್ತೀನಿ, ಅಬ್ಬಾ. ದಾದಿಮಾ ಇಲ್ಲದ ಆ ಮನಿಗೆ ಬರಾಂಗಿಲ್ಲ. ಹಾಸ್ಟೆಲಿನ್ಯಾಗ ಇರ್ತೀನಿ."

ಚಾಚಾ ಮಂಚದ ಅಂಚಿಗೆ ಕೂತು "ಆಗಲಿ" ಎಂದರು. ಆಗ ಶಮೀಮ್ ಅತ್ತಳು.