ಸುಮ್ಮನೆ ಕೂತ ಭಾನುವಾರ

ಎರಡು ವರ್ಷ ಜಯಲತಾ ಭಾನುವಾರಗಳಂದು ಹತ್ತಿರದ ದಿವಾ ಊರಿಂದ ಡೊಂಬಿವಲಿಗೆ ಬಂದು ಹರಿಣಾಕ್ಷಿಯ ಅಡುಗೆಮನೆಯಲ್ಲಿ ದುಡಿದಳು. ಇಬ್ಬರೂ ಸೇರಿ ಮೀನು ಕೊಯ್ದರು, ಕಾಯಿ ತುರಿದರು, ಮಸಾಲೆ ಅರೆದರು. ಯಾರಿಗೂ ಏನೂ ಅನಿಸಲಿಲ್ಲ. ದುಡಿಯುವ ಹೆಂಗಸರನ್ನು ನೋಡುವ ಕಣ್ಣು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗಂಡ ಗುಣಪಾಲನಂತೂ ಜಯಲತಾ ಬಂದ ದಿನ ಸಾರಿಗೆ ರುಚಿ ಹೆಚ್ಚೆಂದು ಹೊಗಳಿ ಮತ್ತೊಮ್ಮೆ ಬಡಿಸಿಕೊಳ್ಳುತ್ತಿದ್ದ.

ಠಾಣೆ ಪಟ್ಟಣದ ಆಫೀಸಿನಿಂದ ಮರಳುವ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇಬ್ಬರ ಪರಿಚಯವಾದದ್ದು. ರಾತ್ರಿಯ ಅಡುಗೆಗೆ ಸೊಪ್ಪು ಅಲ್ಲೇ ಬಿಡಿಸಿಕೊಳ್ಳುವುದು ಆ ಡಬ್ಬಿಯ ರೂಢಿ. ಹೆಂಗಸಿಗೆ ಸಿಗುವ ಅಷ್ಟು ಬಿಡುವೂ ಮನೆಯ ಪಾಲು. ಒಂದು ಸಂಜೆ ಜಯಲತಾ ಪಕ್ಕದಲ್ಲಿ ಕೂತಿದ್ದ ಹರಿಣಾಕ್ಷಿಯ ಮಡಿಲಿಂದ ಮೆಂತ್ಯೆಯ ಚೀಲ ಎತ್ತಿಕೊಂಡು, "ನೀವು ಸ್ವಲ್ಪ ಕಣ್ಣು ಮುಚ್ಚಿ ಮಾರಾಯ್ರೆ" ಎಂದಳು. ಕೆಲವೇ ತಿಂಗಳಲ್ಲಿ, ಅವಳು ದಿವಾದಲ್ಲಿ ಇಳಿದೊಡನೆ, ಉಸಿರಾಡಲೂ ಜಾಗವಿಲ್ಲದ ಡಬ್ಬಿ ಹರಿಣಾಕ್ಷಿಗೆ ಖಾಲಿ ಎನಿಸತೊಡಗಿತು.

ಕಳೆದ ಜೂನಿನ ಒಂದು ಭಾನುವಾರ ಒಲೆ ಹೊತ್ತಲಿಲ್ಲ. ಹರಿಣಾಕ್ಷಿ ಸೋಫಾದಲ್ಲಿ ಜಯಲತಾಳ ಮಡಿಲಿಗೆ ಕಾಲು ಚಾಚಿ ಸುಮ್ಮನೆ ಕೂತಿದ್ದಳು. ಇಬ್ಬರ ನಡುವೆ ಏನಿದೆಯೆಂದು ಗುಣಪಾಲನಿಗೆ ಆಗ ಕಾಣಿಸಿತು. ಕೇಳಿದ. ಅವಳು ಹೌದೆಂದಳು. ಜಯಲತಾಳ ಜೊತೆ ಇರಲು ದಿವಾಕ್ಕೆ ಹೋಗಬೇಕೆಂದಿದ್ದೇನೆ, ಇನ್ನೂ ಧೈರ್ಯ ಬಂದಿಲ್ಲ ಎಂದೂ ಹೇಳಿದಳು.

ಜಯಲತಾಳನ್ನು ಹೊರಗೆ ಕಳಿಸಿದ ಮೇಲೆ ಹೆಸರಿಡುವ ಕೆಲಸ ಶುರುವಾಯಿತು. ಮೊದಲಿಂದಲೂ ಹೀಗೇ ಆಗಿದ್ದರೆ ಅದು ತನಗಾದ ಮೋಸ, ಈಗ ಆಗಿದ್ದರೆ ಮುಟ್ಟು ನಿಲ್ಲುವ ವಯಸ್ಸಿನ ಹುಚ್ಚು ಎಂದ ಗುಣಪಾಲ. ಎರಡರಲ್ಲೂ ತಪ್ಪು ಅವಳದೇ. ಕಾಲೇಜು ಮುಗಿಸಿದ ಮಗಳು ಅಶ್ಮಿತಾ ಮಾತ್ರ ಪ್ರೀತಿಯಿಂದಲೇ ಕೇಳಿದಳು.

"ಮಮ್ಮಿ, ಬೋಲ್ ನಾ. ಲೆಸ್ಬಿಯನ್ನಾ, ಬೈಸೆಕ್ಷುಯಲ್ಲಾ? ಏನಾದ್ರೂ ಒಂದು ಇರ್ಬೇಕಲ್ಲ. ನಾನು ಸಪೋರ್ಟ್ ಮಾಡ್ತೇನೆ."

ಕಸ ಗುಡಿಸುತ್ತಿದ್ದ ತಾಯಿಗೆ ಜಾಗ ಬಿಡಲು ಎರಡೂ ಕಾಲು ಮೇಲೆತ್ತಿ ಕೂತೇ ಮಗಳು ಈ ಮಾತು ಹೇಳಿದಳು.

"ನಿನ್ನ ಪಪ್ಪನನ್ನು ಇಷ್ಟಪಟ್ಟೇ ಮದುವೆಯಾದದ್ದು. ಅದು ಸುಳ್ಳಲ್ಲ," ಎಂದಳು ಹರಿಣಾಕ್ಷಿ. "ಈಗ ಜಯಲತಾ. ಇದೂ ಸುಳ್ಳಲ್ಲ. ನಾಳೆ ಎಂತದೋ ನನಗೆ ಗೊತ್ತಿಲ್ಲ. ಹೆಸರು ಬೇಕಾದವರು ಇಟ್ಕೊಳ್ಳಿ."

ಗುಣಪಾಲ ಬಹಳ ಹೊತ್ತು ಯೋಚಿಸಿ ಉದಾರಿಯಾದ. "ಆಯ್ತು, ಎಂತ ಬೇಕಾದ್ರೂ ಆಗು. ಹೊರಗೆ ಹೇಳ್ಬೇಡ. ಅವಳೂ ಭಾನುವಾರ ಮೊದಲಿನ ಹಾಗೇ ಬರ್ಲಿ. ಅಡಿಗೆ ಒಂದು ನಿಲ್ಬಾರ್ದು."

ಅಲ್ಲಿಯವರೆಗೆ ಇಲ್ಲದ ಧೈರ್ಯ ಆ ಮಾತಿನಿಂದ ಹರಿಣಾಕ್ಷಿಗೆ ಬಂತು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಅವನು ಕಳೆದುಕೊಳ್ಳಲು ಹೆದರಿದ್ದು ಏನನ್ನೆಂದು ತಿಳಿಯಿತು. ಗುಡಿಸಿದ ಕಸವನ್ನು ನಡುಮನೆಯಲ್ಲೇ ಬಿಟ್ಟು ಅವಳು ಬಟ್ಟೆ ಕಟ್ಟಿಕೊಂಡಳು.

ದಿವಾದಲ್ಲಿ ಜಯಲತಾಳ ಕೋಣೆಗೆ ನೀರು ಬರುವುದು ನಸುಕಿನಲ್ಲಿ. ಅದನ್ನು ಹಿಡಿಯಲು ಒಂದು ದಿನ ಇವಳು ಏಳುತ್ತಾಳೆ, ಒಂದು ದಿನ ಅವಳು. ಸರದಿಗಾಗಿ ಜಗಳವೂ ಆಗುತ್ತದೆ. ಡೊಂಬಿವಲಿಯಲ್ಲಿರುವ ನಮ್ಮ ಊರ ಕಡೆಯವರು ಹರಿಣಾಕ್ಷಿಗೆ ಕೊನೆಗೂ ಒಂದು ಹೆಸರು ಹುಡುಕಿದ್ದಾರೆ: ಗಂಡನನ್ನು ಉಪವಾಸ ಕೆಡವಿದವಳು. ಅವಳ ಹಳೆಯ ನೆರೆಯವಳಾದ ನಾನು ಅದನ್ನು ಹೇಳಿದಾಗ ಅವಳು ನಗಲಿಲ್ಲ.

"ಅಶ್ಮಿತಾಳ ಪಪ್ಪನಿಗೆ ಕೈಯಿಲ್ವಾ?" ಎಂದಳು.