ಗೆಳೆಯನ ಕೂದಲೆಣ್ಣೆ ವ್ಯಾಪಾರ

ಮುಂಬೈಯ ಭಾಂಡುಪ್‌ನ ನಮ್ಮ ಚಾಳಿನ ಗೆಳೆಯ ಕಾಲೇಜು ಬಿಟ್ಟು ಕೂದಲೆಣ್ಣೆ ಮಾರಲು ಹೊರಟಿದ್ದ. ಈರುಳ್ಳಿ, ಮೆಂತ್ಯ ಕೊಳೆಸಿ ತಾನೇ ಕಾಯಿಸಿದ ಎಣ್ಣೆಯನ್ನು ತಲೆಗೆ ಮೆತ್ತಿಕೊಂಡು, ನನ್ನ ಸಲಹೆ ಕೇಳುತ್ತ ನನ್ನೊಂದಿಗೆ ಲೋಕಲ್ ರೈಲು ಹತ್ತಿದ. ಆ ನಾತಕ್ಕೆ ಕಾಲಿಡಲು ಜಾಗವಿಲ್ಲದ ಡಬ್ಬಾದಲ್ಲಿ ನಮ್ಮ ಸುತ್ತ ಕಬಡ್ಡಿ ಆಡುವಷ್ಟು ಜಾಗವಾಯಿತು. ಮೀನಿನ ಬುಟ್ಟಿ ಹೊತ್ತವಳೂ ಮೂಗಿಗೆ ಸೆರಗು ಒತ್ತಿಕೊಂಡು ನಡುವಿನ ಸಯನ್ ಸ್ಟೇಷನ್ನಿನಲ್ಲೇ ಇಳಿದುಬಿಟ್ಟಳು.

“ನೋಡಲೇ, ಮಂದಿ ಹೆಂಗ ಮರ್ಯಾದಿ ಕೊಡತಾರ!” ಅಂದ.

“ಮರ್ಯಾದಿ ಅಲ್ಲೋ, ಹೇಸಿಗಿ ಬಂದು ಸರದು ನಿಂತಾರ! ಕಾಲೇಜ ಬಿಡಬ್ಯಾಡ. ಮೊದಲ ತಲಿ ತೊಳಕೋ,” ಅಂದೆ.

ಅವನು ಕೇಳಲಿಲ್ಲ. ಹೆಸರು ತೆಗೆಸಲು ನೇರವಾಗಿ ಕಾಲೇಜಿನ ಆಫೀಸಿಗೆ ನುಗ್ಗಿದ. ಎಲ್ಲರನ್ನೂ ವಾರಗಟ್ಟಲೆ ಅಲೆಸುವ ಗುಮಾಸ್ತ, ಕಾರಣವನ್ನೂ ಕೇಳದೆ, ಉಸಿರು ಬಿಗಿಹಿಡಿದು ಅವನ ಹೆಸರು ಹೊಡೆದುಹಾಕಿದ.